ನಮ್ಮ ಸೀಟು, ಅವರ ಓಟು

ತಮಿಳುನಾಡಿನ ಸಂಕಗಿರಿಯಲ್ಲಿ ಲಾರಿಗಳಿಗೆ ಬಣ್ಣ ಹೊಡೆದು ಹೆಸರು ಬರೆಯುವುದು ನನ್ನ ಕಸುಬು. ಕನ್ನಡ ಮನೆಮಾತು, ಅಕ್ಷರ ಕಲಿತದ್ದು ಕರ್ನಾಟಕದ ಲಾರಿಗಳ ದೆಸೆಯಿಂದ. ಚುನಾವಣೆ ಬಂದರೆ ಲಾರಿ ಬಿಟ್ಟು ಗೋಡೆ ಹಿಡಿಯುತ್ತಿದ್ದೆ. ಮೊದಲು ಚಿಹ್ನೆ, ಆಮೇಲೆ ನಾಯಕರ ಹೆಸರು, ಜಾಗ ಉಳಿದರೆ ಅಭ್ಯರ್ಥಿಯದು. ಹಾಗೆ ಉಳಿದ ಜಾಗದಲ್ಲಿ ನಾನು ಬರೆದ ಹೆಸರು ಪಿ. ಧನಪಾಲ್. ನಮ್ಮ ಅರುಂಧತಿಯರ್ ಜಾತಿಯವರು, ದಲಿತರು.

ನಮ್ಮ ತಾತ ಕಪಿಲೆಗೆ ತೊಗಲಿನ ಬಾನಿ ಹೊಲಿಯುತ್ತಿದ್ದ. ನೀರೆತ್ತುವ ಬಾನಿಗೆ ನಮ್ಮ ಕೈ ಬೇಕು, ಬಾವಿಕಟ್ಟೆಗೆ ಬೇಡ. ಜಮೀನುಳ್ಳ ಗೌಂಡರ ಮನೆಯ ಚಿಕ್ಕ ಹುಡುಗರೂ ಅವನನ್ನು ‘ಏಲೇ’ ಅಂತಲೇ ಕೂಗುತ್ತಿದ್ದರು. ಟೀ ಅಂಗಡಿಯಲ್ಲಿ ನಮ್ಮ ಲೋಟ ಬೇರೆ. ಕರೆಂಟು ಪಂಪು ಬಂದು ಬಾನಿ ಹೋಯಿತು; ಲೋಟ ಹೋಗಲು ಇನ್ನೂ ಬಹಳ ಕಾಲ ಹಿಡಿಯಿತು.

ಇಂಥ ಊರಿನ ವಿಧಾನಸಭೆ ಸೀಟು ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ಇದರ ಬೇರು ಇರುವುದು ಯರವಾಡ ಜೈಲಿನಲ್ಲಿ. ನಮ್ಮವರನ್ನು ನಮ್ಮವರೇ ಆರಿಸುವ ಪ್ರತ್ಯೇಕ ಮತದಾರರ ಪಟ್ಟಿ ಅಂಬೇಡ್ಕರರಿಗೆ ಬೇಕಿತ್ತು. ಅದು ಬೇಡ ಅಂತ ಗಾಂಧಿ ಆ ಜೈಲಿನಲ್ಲೇ ಉಪವಾಸ ಕೂತರು. 1932ರ ಸೆಪ್ಟೆಂಬರ್ 24ರ ಪುಣೆ ಒಪ್ಪಂದದಲ್ಲಿ ಪ್ರಾಂತ್ಯಗಳಲ್ಲಿ ನಮ್ಮ ಸೀಟೇನೋ 148ಕ್ಕೆ ಏರಿತು, ಮದ್ರಾಸ್ ಪ್ರಾಂತ್ಯಕ್ಕೇ 30 ಬಂತು. ಓಟು ಮಾತ್ರ ಎಲ್ಲರದು. ನಿಲ್ಲುವವನು ನಮ್ಮವನು, ಗೆಲ್ಲಿಸುವವರು ಅವರು. ಅಂಬೇಡ್ಕರ್ ಕೊನೆಯವರೆಗೂ ಈ ಒಪ್ಪಂದವನ್ನು ಬೈದದ್ದು ಸುಮ್ಮನೆ ಅಲ್ಲ ಅಂತ ನನಗೆ ತಿಳಿದದ್ದು ಪುಸ್ತಕ ಓದಿ ಅಲ್ಲ, ಪ್ರಚಾರದ ವ್ಯಾನಿನ ಹಿಂದೆ ಬಣ್ಣದ ಡಬ್ಬಿ ಹಿಡಿದು ತಿರುಗಿ.

ಯಾವ ಪಕ್ಷದವನಾಗಲಿ, ನಮ್ಮ ಅಭ್ಯರ್ಥಿ ಗೌಂಡರ ಬೀದಿಯಲ್ಲಿ ಜಾತಿಯ ಮಾತು ಎತ್ತಬಾರದು, ನಮ್ಮ ಬೀದಿಯಲ್ಲಿ ಎತ್ತದೆ ಇರಬಾರದು. ‘ಒಳ್ಳೇ ಮನುಷ್ಯ, ಏರುದನಿಯಲ್ಲಿ ಮಾತಾಡಲ್ಲ’ ಅಂತ ಅಲ್ಲಿ ಹೊಗಳುತ್ತಾರೆ. ಇಲ್ಲಿ ನಮ್ಮ ಹೆಂಗಸರು ಅದನ್ನೇ ಹೇಳಿ ಬೈಯುತ್ತಾರೆ. ವೇದಿಕೆಯ ಮೇಲೂ ಇದೇ ಲೆಕ್ಕ. 1805ರಲ್ಲಿ ಬ್ರಿಟಿಷರು ಗೌಂಡರ ನಾಯಕ ಧೀರನ್ ಚಿನ್ನಮಲೈಯನ್ನು ನೇಣಿಗೆ ಹಾಕಿದ್ದು ಇದೇ ಸಂಕಗಿರಿ ಕೋಟೆಯಲ್ಲಿ. ತಮಿಳರ ಆಡಿ ತಿಂಗಳ ಹದಿನೆಂಟಕ್ಕೆ ನಾಯಕರೆಲ್ಲ ಹಾರ ಹಿಡಿದು ಬರುತ್ತಾರೆ. ಚಪ್ಪಲಿಯೊಳಗೆ ಓಲೆ ಇಟ್ಟು ಆತನಿಗೆ ಸುದ್ದಿ ಮುಟ್ಟಿಸಿದವನು ನಮ್ಮ ಪೊಲ್ಲಾನ್ ಅಂತ ನಮ್ಮವರು ಹೇಳುವ ಕಥೆ. ನನ್ನ ಹರೆಯದಲ್ಲಿ ವೇದಿಕೆ ಮೇಲೆ ಆ ಹೆಸರು ಎತ್ತಿದವರನ್ನು ನಾನು ಕಾಣೆ.

ಅಧ್ಯಕ್ಷ ಚುನಾವಣೆಗೆ ನಿಂತ ಅಮೆರಿಕದ ಒಬಾಮಗೂ ಇದೇ ಎರಡು ಬೀದಿಯ ಪಾಡು. ತಮ್ಮ ಚರ್ಚಿನ ಪಾದ್ರಿ ಆಡಿದ ಮಾತಿಗೆ 2008ರ ಮಾರ್ಚಿನಲ್ಲಿ ಫಿಲಡೆಲ್ಫಿಯಾದಲ್ಲಿ ನಿಂತು ಬಿಳಿಯರಿಗೆ ಸಮಜಾಯಿಷಿ ಹೇಳಬೇಕಾಯಿತು. ‘ಇವನು ಸಾಕಷ್ಟು ಕರಿಯನೇ?’ ಅಂತ ಕೇಳಿದ ಕರಿಯರೂ ಇದ್ದರು.

2012ರ ಅಕ್ಟೋಬರಿನಲ್ಲಿ ಧನಪಾಲ್ ತಮಿಳುನಾಡು ವಿಧಾನಸಭೆಯ ಸ್ಪೀಕರ್ ಆದರು. ಅವರು ಒಳಗೆ ಬಂದರೆ ಸಭೆ ಎದ್ದು ನಿಲ್ಲಬೇಕಿತ್ತು, ‘ಮಾಣ್ಬುಮಿಗು’, ಅಂದರೆ ಮಾನ್ಯ, ಅಂತ ಕರೆಯಬೇಕಿತ್ತು. ತಾತ ಇರಬೇಕಿತ್ತು ಅನ್ನಿಸಿತು. ‘ಮೊದಲ ದಲಿತ ಸ್ಪೀಕರ್’ ಅಂತ ಎಷ್ಟೋ ಕಡೆ ಬರೆದರು. 1946ರಿಂದ 1955ರವರೆಗೆ ಅದೇ ಪೀಠದಲ್ಲಿ ಕೂತಿದ್ದ ಜೆ. ಶಿವಷಣ್ಮುಗಂ ಪಿಳ್ಳೈ ಯಾರು ಹಾಗಾದರೆ? ನಮ್ಮವರು ಎಷ್ಟು ಸಲ ಬಂದರೂ ಮೊದಲನೆಯವರೇ.

2017ರ ಫೆಬ್ರವರಿ 18ರಂದು, ಹೊಸ ಸರ್ಕಾರದ ವಿಶ್ವಾಸಮತದ ದಿನ, ಸಭೆಯಲ್ಲಿ ನೂಕಾಟವಾಗಿ ಅವರ ಅಂಗಿ ಹರಿಯಿತು. ಆಗ ಅವರು ತಮ್ಮ ಜಾತಿಯ ಮಾತು ಎತ್ತಿದರು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸ್ಟಾಲಿನ್ ಕೂಡ ಹರಿದ ಅಂಗಿಯಲ್ಲೇ ಹೊರಬಂದರು. ಯಾರು ಸರಿ ಅಂತ ನಮ್ಮ ಬೀದಿಯಲ್ಲಿ ಒಂದೇ ಮಾತಿರಲಿಲ್ಲ, ಅರ್ಧ ಬೀದಿ ಸ್ಟಾಲಿನರ ಸೂರ್ಯ ಚಿಹ್ನೆಗೆ, ಅರ್ಧ ಬೀದಿ ಧನಪಾಲರ ಎರಡೆಲೆಗೆ. ನನಗೆ ಕೆಟ್ಟೆನಿಸಿದ್ದು ಬೇರೆ: ಇಷ್ಟು ವರ್ಷ ಒಳಗೆ ಇಟ್ಟುಕೊಂಡ ಮಾತು ಹೊರಬಂದದ್ದು ಪಕ್ಷದ ಜಗಳದಲ್ಲಿ.

ಅದೇ ವರ್ಷ ಅವರನ್ನು ಮುಖ್ಯಮಂತ್ರಿ ಮಾಡೋಣ ಅಂತಲೂ ಒಂದು ಮಾತು ಎದ್ದು ಅಡಗಿತು. ಅವರು ಗೆದ್ದ ಸೀಟುಗಳನ್ನು ನೋಡಿ. 1977, 1980, 1984, 2001: ನಾಲ್ಕು ಸಲ ಅವರನ್ನು ಗೆಲ್ಲಿಸಿದ್ದು ಸಂಕಗಿರಿ. 2008ರ ಮರುವಿಂಗಡಣೆಯಲ್ಲಿ ಅದು ಸಾಮಾನ್ಯ ಕ್ಷೇತ್ರವಾಯಿತು. 2011ಕ್ಕೆ ಪಕ್ಷ ಅವರನ್ನು ರಾಶಿಪುರಕ್ಕೆ ಕಳಿಸಿತು, 2016ಕ್ಕೆ ಅವಿನಾಶಿಗೆ. ಎರಡೂ ಮೀಸಲು.