ನೆರೆಯವರಾದ ದಾದಿಯರು: ಅರುಣಾ ಶಾನಭಾಗ ಪ್ರಕರಣ ಮತ್ತು ಅಂತಿಮ ಕಾಲದ ಆರೈಕೆ

ಭಾರತದಲ್ಲಿ ದಯಾಮರಣದ ಕಾನೂನು ನಡೆದುಬಂದ ದಾರಿಯನ್ನು ವಿವರಿಸುವವರು 2011ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿಗೆ ಪ್ರಮುಖ ಸ್ಥಾನ ಕೊಡುತ್ತಾರೆ. ಆ ತೀರ್ಪಿನ ಕೇಂದ್ರದಲ್ಲಿದ್ದವರು ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ದಾದಿಯಾಗಿದ್ದ ಅರುಣಾ ಶಾನಭಾಗ. ಅದೇ ತೀರ್ಪು ಆರೈಕೆಯ ಇತಿಹಾಸಕ್ಕೂ ಸೇರಿದ್ದೆಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಅದನ್ನು ಆ ದೃಷ್ಟಿಯಿಂದ ಓದುವುದು ಈ ಲೇಖನದ ಉದ್ದೇಶ.

1973ರ ನವೆಂಬರ್ 27ರಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅಲ್ಲಿನ ಕೆಲಸಗಾರನೊಬ್ಬನು ನಾಯಿಯ ಸರಪಳಿಯಿಂದ ಅರುಣಾ ಅವರ ಕೊರಳು ಬಿಗಿದು ದೌರ್ಜನ್ಯವೆಸಗಿದನು. ಮಿದುಳಿಗೆ ಪ್ರಾಣವಾಯು ದೊರೆಯದೆ ಅವರು ಮತ್ತೆ ಚೇತರಿಸಿಕೊಳ್ಳಲಿಲ್ಲ. ಅಂದಿನಿಂದ 2015ರ ಮೇ 18ರಂದು ನ್ಯುಮೋನಿಯದಿಂದ ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ನಾಲ್ಕನೆಯ ವಾರ್ಡು ಅವರ ಮನೆಯಾಯಿತು. ದಾದಿಯರು ಅವರಿಗೆ ಮೆತ್ತಗೆ ಹಿಸುಕಿದ ಅನ್ನ ಉಣಿಸಿದರು, ಮೈ ತೊಳೆದರು, ಮಗ್ಗುಲು ಬದಲಿಸಿದರು. ಅಷ್ಟು ದೀರ್ಘಕಾಲ ಮಲಗಿದ್ದ ದೇಹದಲ್ಲಿ ಹಾಸಿಗೆ ಹುಣ್ಣು ಕಾಣಿಸಿಕೊಳ್ಳದಂತೆ ನೋಡಿಕೊಂಡರು. ಹಾಸಿಗೆ ತೆರವುಗೊಳಿಸಲು ಅವರನ್ನು ಬೇರೆಡೆಗೆ ಸಾಗಿಸುವ ಪ್ರಯತ್ನ ನಡೆದಾಗ ದಾದಿಯರೇ ಪ್ರತಿಭಟಿಸಿ ಅದನ್ನು ತಡೆದರು. ಒಂದು ತಲೆಮಾರಿನವರು ನಿವೃತ್ತರಾದಾಗ ಮುಂದಿನವರು ಆ ಹೊಣೆಯನ್ನು ಹೊತ್ತರು.

2009ರಲ್ಲಿ ಪತ್ರಕರ್ತೆ ಪಿಂಕಿ ವಿರಾನಿಯವರು, ಅರುಣಾ ಅವರಿಗೆ ಆಹಾರ ನೀಡುವುದನ್ನು ನಿಲ್ಲಿಸಿ ಶಾಂತಿಯಿಂದ ಸಾಯಲು ಬಿಡಬೇಕೆಂದು ನ್ಯಾಯಾಲಯದ ಮೊರೆಹೊಕ್ಕರು. ಅವರ ಅರ್ಜಿಯ ಹಿಂದೆಯೂ ಕನಿಕರವಿತ್ತೆಂಬುದನ್ನು ನಾವು ಅಲ್ಲಗಳೆಯಬಾರದು. ನ್ಯಾಯಾಲಯವು ಮೂವರು ವೈದ್ಯರಿಂದ ಪರೀಕ್ಷೆ ಮಾಡಿಸಿ, ಅರ್ಜಿಯನ್ನು ತಿರಸ್ಕರಿಸಿತು. ಆದರೆ ಅದೇ ತೀರ್ಪಿನಲ್ಲಿ, ಉಚ್ಚ ನ್ಯಾಯಾಲಯದ ಅನುಮತಿಗೊಳಪಟ್ಟು, ನಿಷ್ಕ್ರಿಯ ದಯಾಮರಣಕ್ಕೆ ತತ್ತ್ವತಃ ಅವಕಾಶ ಕಲ್ಪಿಸಿತು. ಬದುಕಿಸಿಕೊಂಡು ಬಂದವರ ಕಥೆಯೇ ಸಾಯಲು ಬಿಡುವ ಕಾನೂನಿಗೆ ಬಾಗಿಲು ತೆರೆಯಿತು.

ತೀರ್ಪಿನ ತಿರುಳಿರುವುದು ಒಂದು ಪ್ರಶ್ನೆಯಲ್ಲಿ: ಮಾತನಾಡಲಾರದ ಈ ರೋಗಿಯ ಪರವಾಗಿ ಮಾತನಾಡುವ ಅಧಿಕಾರ ಯಾರಿಗಿದೆ? ಕಾನೂನಿನ ಭಾಷೆಯಲ್ಲಿ, ಆಕೆಯ ‘ನೆಕ್ಸ್ಟ್ ಫ್ರೆಂಡ್’ ಯಾರು? ಆಕೆಯ ಬಗ್ಗೆ ಪುಸ್ತಕ ಬರೆದವರಿಗಲ್ಲ, ಹಗಲಿರುಳು ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಗೆ ಆ ಸ್ಥಾನ ಸಲ್ಲುತ್ತದೆಂದು ನ್ಯಾಯಾಲಯ ಹೇಳಿತು. ಲೂಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರಿಯೊಬ್ಬನು ಯೇಸುವಿಗೆ ಕೇಳುವ ಪ್ರಶ್ನೆ ಇದಕ್ಕೆ ದೂರವಲ್ಲ. ನೆರೆಯವನು ಯಾರೆಂಬುದು ಅಲ್ಲಿ ರಕ್ತಸಂಬಂಧದಿಂದಲೂ ಪಾಂಡಿತ್ಯದಿಂದಲೂ ತೀರ್ಮಾನವಾಗಲಿಲ್ಲ. ಗಾಯ ಕಟ್ಟಿದ ಕೈಯಿಂದ ತೀರ್ಮಾನವಾಯಿತು.

ಧರ್ಮಸಭೆಯ ಬೋಧನೆಯನ್ನು ಈ ಬೆಳಕಿನಲ್ಲಿ ಓದಬೇಕು. ಜಗದ್ಗುರು ಹನ್ನೆರಡನೆಯ ಪಿಯುಸರು 1957ರಲ್ಲಿಯೇ, ಅಸಾಧಾರಣ ಹೊರೆಯಾಗುವ ಚಿಕಿತ್ಸೆಯನ್ನು ಮುಂದುವರಿಸುವ ಕಡ್ಡಾಯವಿಲ್ಲವೆಂದೂ, ನೋವು ಶಮನಕ್ಕಾಗಿ ಔಷಧ ನೀಡುವುದು ನ್ಯಾಯವೆಂದೂ ಬೋಧಿಸಿದ್ದರು. 1980ರ ಘೋಷಣೆಯು ದಯಾಮರಣವನ್ನು ನಿರಾಕರಿಸುತ್ತಲೇ ಈ ವಿವೇಚನೆಯನ್ನು ಉಳಿಸಿಕೊಂಡಿತು. ಆಹಾರ ಮತ್ತು ನೀರು, ನಳಿಕೆಯ ಮೂಲಕ ಕೊಟ್ಟರೂ, ತತ್ತ್ವತಃ ಸಾಧಾರಣ ಆರೈಕೆಯೇ ಎಂದು 2007ರಲ್ಲಿ ಸ್ಪಷ್ಟಪಡಿಸಲಾಯಿತು. 2020ರ ಪತ್ರವು ದಯಾಳು ಸಮಾರಿಯದವನ ಹೆಸರನ್ನೇ ಹೊತ್ತು ಬಂದಿತು. ಕೊಲ್ಲಬಾರದು; ಸಾವನ್ನು ಹಟದಿಂದ ಮುಂದೂಡಲೂ ಬೇಕಿಲ್ಲ; ಜೊತೆಗಿರಬೇಕು. ಬೋಧನೆಯ ಸಾರ ಇಷ್ಟೇ.

ಜೊತೆಗಿರುವುದಕ್ಕೂ ಒಂದು ಚರಿತ್ರೆಯಿದೆ. 1842ರಲ್ಲಿ ಲಿಯೋನ್ ನಗರದ ವಿಧವೆ ಝಾನ್ ಗಾರ್ನಿಯೆ ಸಾಯುತ್ತಿದ್ದ ಬಡ ಸ್ತ್ರೀಯರ ಸೇವೆಗೆ ತೊಡಗಿದರು. 1879ರಲ್ಲಿ ಐರ್ಲೆಂಡಿನ ಕನ್ಯಾಸ್ತ್ರೀಯರು ಡಬ್ಲಿನ್‌ನಲ್ಲಿ ಆಶ್ರಯಧಾಮ ತೆರೆದರು. 1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಇದಕ್ಕೆ ವೈದ್ಯಕೀಯ ಶಿಸ್ತನ್ನು ಕೂಡಿಸಿದರು. ಮುಂಬಯಿಯಲ್ಲಿ 1986ರಲ್ಲಿ ಶಾಂತಿ ಅವೇದನಾ ಸದನ ಆರಂಭವಾಯಿತು. ಬೆಂಗಳೂರಿನ ಕರುಣಾಶ್ರಯವು 1990ರ ದಶಕದಿಂದ ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಉಪಶಾಮಕ ಆರೈಕೆ ನೀಡುತ್ತ ಬಂದಿದೆ.

ಈ ನಡುವೆ ಕಾನೂನು ಮುಂದೆ ಸಾಗಿದೆ. 2018ರಲ್ಲಿ ಸಂವಿಧಾನ ಪೀಠವು ಘನತೆಯಿಂದ ಸಾಯುವ ಹಕ್ಕನ್ನೂ ಮುಂಗಡ ಇಚ್ಛಾಪತ್ರವನ್ನೂ ಮಾನ್ಯಮಾಡಿತು. 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೊಳಿಸಲು ಸುತ್ತೋಲೆ ಹೊರಡಿಸಿತು. ಎರಡು ವೈದ್ಯಕೀಯ ಮಂಡಳಿಗಳು ಒಪ್ಪಿದ ಮೇಲೆ ನಿಷ್ಫಲವಾದ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವುದೆಲ್ಲವನ್ನೂ ದಯಾಮರಣವೆಂದು ಕರೆದು ವಿರೋಧಿಸುವುದು ನಮ್ಮ ಬೋಧನೆಗೇ ಸಲ್ಲದು. ಯಾವುದು ನಿಷ್ಫಲ ಚಿಕಿತ್ಸೆ, ಯಾವುದು ಕೈಬಿಡಬಾರದ ಆರೈಕೆ ಎಂಬುದನ್ನು ಪ್ರತಿಯೊಂದು ಪ್ರಸಂಗದಲ್ಲಿಯೂ ವಿವೇಚಿಸಬೇಕು. ಕುಟುಂಬಗಳು ಈ ವಿವೇಚನೆಗಾಗಿ ಗುರುಗಳ ಬಳಿಗೇ ಬರುತ್ತವೆ.

ಆದರೆ ಆ ಕುಟುಂಬಗಳ ಸ್ಥಿತಿಯೇನು? ಬನಹಟ್ಟಿಯಂಥ ಮಗ್ಗದ ಊರಿನಲ್ಲಿ ಹಾಸಿಗೆ ಹಿಡಿದವರೊಬ್ಬರ ಬಳಿ ಇನ್ನೊಬ್ಬರು ಕುಳಿತರೆ ಮನೆಯ ಒಂದು ದುಡಿಮೆ ನಿಲ್ಲುತ್ತದೆ. ಬೆಂಗಳೂರಿನ ಆಶ್ರಯಧಾಮ ಅವರಿಗೆ ದೂರದ ಮಾತು. ‘ನಾ ನಿಮಗ ಭಾರ ಆಗೇನಿ’ ಎಂದು ಅಲ್ಲಿ ಮುದುಕರು ಹೇಳಿದರೆ ಅದು ಬೇನೆಯಷ್ಟೇ ಅಲ್ಲ, ಒಂಟಿತನದ ಮಾತು. ಅದಕ್ಕೆ ನೀತಿಬೋಧೆಯೊಂದೇ ಉತ್ತರವಾಗಲಾರದು. ರೋಗಿಗಳ ಅಭಿಷೇಕಕ್ಕೆ ಕೊನೆಯ ಗಳಿಗೆಯಲ್ಲಿ ಬಂದು ಹೋಗುವ ಗುರುವಿಗಿಂತ, ವಾರಕ್ಕೊಮ್ಮೆ ಪರಮಪ್ರಸಾದದೊಡನೆ ಬರುವ ಗುರು ಬೇಕು. ಹುಣ್ಣು ತೊಳೆಯಲು, ಮಗ್ಗುಲು ಬದಲಿಸಲು ಕಲಿತ ನಾಲ್ವರು ಧರ್ಮಕೇಂದ್ರದಲ್ಲಿರಬೇಕು. ಗುರುಮಠದ ವಿದ್ಯಾರ್ಥಿಗಳಿಗೆ ನೀತಿಶಾಸ್ತ್ರದ ಪಾಠದೊಂದಿಗೆ ರೋಗಿಯ ಹಾಸಿಗೆಯ ಬದಿಯ ಅಭ್ಯಾಸವೂ ದೊರೆಯಬೇಕು.

ಕೆ.ಇ.ಎಂ. ಆಸ್ಪತ್ರೆಯ ದಾದಿಯರು ದಯಾಮರಣವನ್ನು ವಿರೋಧಿಸಿದಾಗ ನ್ಯಾಯಾಲಯ ಅವರ ಮಾತಿಗೆ ಕಿವಿಗೊಟ್ಟಿತು. ಆ ಮಾತಿಗೆ ತೂಕ ಬಂದದ್ದು ಅದರ ಹಿಂದಿದ್ದ ದಶಕಗಳ ಸೇವೆಯಿಂದ. ಧರ್ಮಸಭೆಯ ಮಾತಿಗೂ ತೂಕ ಬರಬೇಕಾದರೆ ಬೇರೆ ದಾರಿಯಿಲ್ಲ.