ನಾರಾಯಣಗುಡದ ಹುಡುಗಿಯರು, ಕಾಚಿಗೂಡದ ಹುಡುಗಿಯರು

ಕಾಚಿಗೂಡದಿಂದ ನಾರಾಯಣಗುಡ ದೂರವೇನಲ್ಲ. ಬಿಸಿಲು ಇಳಿದ ಮೇಲೆ ನಡೆದೇ ಹೋಗಬಹುದು. ಹೈದರಾಬಾದಿನ ಕನ್ನಡಿಗರಿಗೆ ಕಾಚಿಗೂಡವೆಂದರೆ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆ. ನಾರಾಯಣಗುಡದ ಹೆಣ್ಣುಮಕ್ಕಳ ಶಾಲೆ ತೆಲುಗರದೆಂದು ನಾವು ಅತ್ತ ನೋಡುವುದು ಕಡಿಮೆ. ಆದರೆ ನಿಜಾಮರ ರಾಜ್ಯದಲ್ಲಿ ಹುಡುಗಿಯೊಬ್ಬಳು ತರಗತಿಯಲ್ಲಿ ತನ್ನವರ ನಡುವೆ ಇರುವಂತೆ ಕುಳಿತು ಕಲಿಯಲು ಏನೇನು ಬೇಕಾಯಿತೆಂಬುದನ್ನು ಅರಿಯಲು ಆ ಶಾಲೆಯಿಂದಲೇ ತೊಡಗಬೇಕು.

1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಆರಂಭವಾಯಿತು. ಉನ್ನತ ಶಿಕ್ಷಣಕ್ಕೆ ಭಾರತೀಯ ಭಾಷೆಯೊಂದು ಸಾಕೆಂದು ತೋರಿಸಿದ ಆ ಸಾಹಸವನ್ನು ಹಗುರವಾಗಿ ಕಾಣಲಾಗದು. ಆದರೆ ರಾಜ್ಯದ ಪ್ರಜೆಗಳಲ್ಲಿ ಅರ್ಧದಷ್ಟು ಮಂದಿ ತೆಲುಗರು, ಕಾಲುಭಾಗ ಮರಾಠಿಗರು, ಸುಮಾರು ಹತ್ತರಲ್ಲೊಬ್ಬರು ಕನ್ನಡಿಗರು. ಗಂಡುಮಕ್ಕಳಿಗೆ ಕಚೇರಿ, ಬಜಾರುಗಳ ಒಡನಾಟದಲ್ಲಿ ಉರ್ದು ಕಿವಿಗೆ ಬೀಳುತ್ತಿತ್ತು. ಮನೆಯ ಹೊಸ್ತಿಲಲ್ಲೇ ಲೋಕ ಮುಗಿಯುತ್ತಿದ್ದ ಹುಡುಗಿಗೆ ಅದೂ ಇರಲಿಲ್ಲ. ಅವಳು ಶಾಲೆಗೆ ಬಂದರೆ ಪಾಠಕ್ಕಿಂತ ಮೊದಲು ಪಾಠದ ಭಾಷೆಯೇ ಅವಳನ್ನು ಹೊರಗಿನವಳನ್ನಾಗಿ ಮಾಡುತ್ತಿತ್ತು.

1928ರಲ್ಲಿ ಮಾಡಪಾಟಿ ಹನುಮಂತರಾಯರು ನಾರಾಯಣಗುಡದಲ್ಲಿ ತೆಲುಗು ಮಾಧ್ಯಮದ ಬಾಲಿಕಾ ಶಾಲೆಯನ್ನು ತೆರೆದರು. ಉರ್ದುವಲ್ಲದ ಪ್ರೌಢಶಾಲೆಗೆ ಸರಕಾರದ ಮನ್ನಣೆ ಸುಲಭವಾಗಿ ದೊರೆಯುವಂತಿರಲಿಲ್ಲ. ಮನ್ನಣೆಯಿಲ್ಲದೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಮುಂದಿನ ಓದಿಲ್ಲ. ಅವರು ದಾರಿ ಹುಡುಕಿದ್ದು ಪುಣೆಯಲ್ಲಿ. ಧೋಂಡೊ ಕೇಶವ ಕರ್ವೆಯವರು 1916ರಲ್ಲಿ ಸ್ಥಾಪಿಸಿದ್ದ ಮಹಿಳಾ ವಿಶ್ವವಿದ್ಯಾಲಯ ತಾಯ್ನುಡಿಯಲ್ಲೇ ಕಲಿಸಬೇಕೆಂಬ ನಿಲುವಿನದು. ನಾರಾಯಣಗುಡದ ಶಾಲೆ ಅದಕ್ಕೆ ಸಂಯೋಜನೆಗೊಂಡಿತು. ತೆಲುಗು ಹುಡುಗಿಯರ ಓದಿಗೆ ಮರಾಠಿ ನೆಲದ ಆಸರೆ! ಕರ್ವೆಯವರ ಸಂಸ್ಥೆಗೂ ಅಂದು ಸರಕಾರದ ಶಾಸನಬದ್ಧ ಮಾನ್ಯತೆ ಇರಲಿಲ್ಲ, ಅದು ದೊರೆತದ್ದು 1951ರಲ್ಲಿ. ಮಾನ್ಯತೆಯಿಲ್ಲದವರಿಬ್ಬರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಂತಾಯಿತು.

ಮೈಸೂರಿನಲ್ಲಿ ಕಥೆ ಬೇರೆ. ಅಲ್ಲಿ ಭಾಷೆಯ ತೊಡಕಿರಲಿಲ್ಲ, ಅರಮನೆಯ ಬೆಂಬಲವೂ ಇತ್ತು. 1881ರಲ್ಲಿ ನರಸಿಂಹಯ್ಯಂಗಾರ್ಯರು ಆರಂಭಿಸಿದ ಮಹಾರಾಣಿ ಬಾಲಿಕಾ ಪಾಠಶಾಲೆ ಹೆದರಿದ ಮನೆಗಳನ್ನು ಒಲಿಸಿಕೊಳ್ಳಬೇಕಾಗಿತ್ತು. ಕರೆತರಲು ಬಂಡಿ, ಪಾಠದಲ್ಲಿ ಕನ್ನಡ, ಸಂಸ್ಕೃತ, ಸಂಗೀತ: ಮನೆಗೆ ಪರಿಚಿತವಾದದ್ದನ್ನೇ ಮುಂದಿಟ್ಟು ಶಾಲೆ ಪರಿಚಯ ಬೆಳೆಸಿತು. ಅದು ಮೊದಲಿಗೆ ಮೇಲುಜಾತಿಯ ಮನೆಗಳನ್ನೇ ಓಲೈಸಿತೆಂಬುದನ್ನೂ ಹೇಳಬೇಕು. ಬಂಡಿ ಎಲ್ಲರ ಬಾಗಿಲಿಗೂ ಹೋಗಲಿಲ್ಲ.

ಬಂಡಿ ಹೋಗದ ಮನೆಗಳಲ್ಲಿ ವಿಧವೆಯರ ಮನೆಗಳೂ ಇದ್ದವು. ನಂಜನಗೂಡಿನ ತಿರುಮಲಾಂಬ (1887–1982) ಹದಿನಾಲ್ಕರ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತಂದೆಯ ಆಶ್ರಯದಲ್ಲಿ ಮನೆಯಲ್ಲೇ ಓದಿದವರು. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿದ ಅವರು ನೆರೆಹೊರೆಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ಅವರ ಬರಹಗಳ ನೀತಿಬೋಧೆ ಇಂದು ನಮಗೆ ತುಸು ಹಳತೆನಿಸಬಹುದು. ಆದರೆ ಅಲ್ಲಿ ಕಲಿಸುವವಳಿಗೂ ಕಲಿಯುವವಳಿಗೂ ನಡುವೆ ಅಂತರ ಕಡಿಮೆ. ಹುಡುಗಿಯ ಅಂಜಿಕೆ ಏನೆಂದು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

1956ರ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ನೃಪತುಂಗನ ರಾಜಧಾನಿ ಮಳಖೇಡವೂ ಅತ್ತ ಹೋಯಿತು. ಅವನ ಹೆಸರನ್ನು ಹೊತ್ತ ಶಾಲೆ ಇತ್ತ ಕಾಚಿಗೂಡದಲ್ಲಿ. ಒಂದೇ ರಾಜ್ಯದೊಳಗಿನ ನಂಟರು ರಾಜ್ಯದಾಚೆಯವರಾದರು, ಇಲ್ಲಿಯ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದರು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಅಂಥ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಯಲು ತಕ್ಕ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ಆದರೆ ಅದು ಹೇಳುವುದು ಪ್ರಾಥಮಿಕ ಹಂತದ ಮಾತನ್ನು ಮಾತ್ರ. ಹತ್ತು ಹನ್ನೊಂದರ ವಯಸ್ಸು ಮುಗಿಯುವುದಕ್ಕೂ ಆ ಹಂತ ಮುಗಿಯುವುದಕ್ಕೂ ಸರಿಹೋಗುತ್ತದೆ. ಹಿಂದೆ ಹುಡುಗಿಯರನ್ನು ಶಾಲೆ ಬಿಡಿಸುತ್ತಿದ್ದುದೂ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ. ಅಲ್ಲಿಂದಾಚೆಯ ತರಗತಿಗಳಲ್ಲಿ ಕನ್ನಡ ಉಳಿಯುವುದು ವಿಧಿಯ ಬಲದಿಂದಲ್ಲ, ಕಾಚಿಗೂಡದಂಥ ಕಡೆ ಶಾಲೆ ನಡೆಸುವವರ ಹಟದಿಂದ, ಮಗಳನ್ನು ಅಲ್ಲಿಗೇ ಕಳಿಸುತ್ತೇವೆನ್ನುವ ಮನೆಗಳಿಂದ.