ವಶೀಕರಣದ ಭೀತಿಗೆ ಗೋವೆಯ ಫಾರಿಯಾ ಇತ್ತ ಉತ್ತರ

ಸಮ್ಮೋಹನಚಿಕಿತ್ಸೆಯೆಂದೊಡನೆ ನಮ್ಮ ಜನ ವಶೀಕರಣವನ್ನು ನೆನೆದು ಅಂಜುವರು. ಆ ಅಂಜಿಕೆಗೆ ಶಾಸ್ತ್ರೀಯ ಸಮಾಧಾನ ಹೇಳಿದ ಮೊದಲಿಗರಲ್ಲೊಬ್ಬನು ಕನ್ನಡನಾಡಿನ ನೆರೆಯವನೇ ಎಂಬುದು ಗಮನಾರ್ಹ. ಜೋಸೆ ಕುಸ್ತೋದಿಯೊ ದ ಫಾರಿಯಾ 1756ರಲ್ಲಿ ಗೋವೆಯ ಕಾಂದೋಳಿಮ್‌ನಲ್ಲಿ ಜನಿಸಿ, ಪಾದ್ರಿಯಾಗಿ, ಮುಂದೆ ಪ್ಯಾರಿಸ್ ಸೇರಿದನು.

ದೇಹದಿಂದ ದೇಹಕ್ಕೆ ಹರಿಯುವ ಅದೃಶ್ಯ ದ್ರವವೊಂದರ ಪ್ರಭಾವವನ್ನು ಮೆಸ್ಮರನು ಬೋಧಿಸಿದ್ದನು. ಹಾಗಾದರೆ ಪ್ರಯೋಗಕಾರನು ಒಡೆಯ, ರೋಗಿಯು ಆಳು. ಭೀತಿಯ ಬೇರು ಅಲ್ಲಿಯೇ. ಅಂಥ ದ್ರವವಿಲ್ಲವೆಂದು ಫ್ರೆಂಚ್ ದೊರೆಯ ಆಯೋಗವು 1784ರಲ್ಲಿಯೇ ನಿರ್ಣಯಿಸಿತು. 1813ರಿಂದ ಪ್ಯಾರಿಸಿನಲ್ಲಿ ಬಹಿರಂಗ ಪ್ರಯೋಗಗಳನ್ನು ನಡೆಸಿದ ಫಾರಿಯಾ, ನಿದ್ರೆಯ ಕಾರಣವು ನಿದ್ರಿಸುವವನಲ್ಲಿದೆ, ಪ್ರಯೋಗಕಾರನಲ್ಲಿಲ್ಲ ಎಂದು ಸಾರಿದನು. ಜನರ ಪರಿಹಾಸ್ಯಕ್ಕೀಡಾಗಿ 1819ರಲ್ಲಿ ತೀರಿಕೊಂಡನು.

ಇಂದಿನ ಚಿಕಿತ್ಸಕರು ಅಂಜಿ ಬಂದವರಿಗೆ ಹೇಳುವ ಮಾತೂ ಇದೇ ತಳಹದಿಯದು: ಅರಿವು ಅಳಿಯದು, ಒಲ್ಲದ ಸೂಚನೆಯನ್ನು ತಳ್ಳಬಹುದು, ಬೇಡವೆನಿಸಿದಾಗ ಏಳಬಹುದು. ಪರರು ತನ್ನ ಮನಸ್ಸನ್ನು ಆಳುತ್ತಿದ್ದಾರೆಂದು ಆಗಲೇ ದೃಢವಾಗಿ ನಂಬಿದವರನ್ನಾದರೋ ಮನೋವೈದ್ಯರಲ್ಲಿಗೆ ಕಳುಹಿಸುವುದೇ ಯುಕ್ತ.

1945ರಲ್ಲಿ ಪಣಜಿಯಲ್ಲಿ ಸ್ಥಾಪಿತವಾದ ಫಾರಿಯಾನ ಪ್ರತಿಮೆಯು ಕುಸಿಯುತ್ತಿರುವ ಸ್ತ್ರೀಯೊಬ್ಬಳ ಮೇಲೆ ಕೈ ಚಾಚಿ ನಿಂತಿದೆ. ಅವನು ಅಲ್ಲಗಳೆದ ವಶೀಕರಣದ ಚಿತ್ರವೇ ಅವನ ಸ್ಮಾರಕವಾಯಿತು.